ನೀರಿಗೆ ತೊಂದರೆ ಇಲ್ಲ ಸಾರ್

ನಿನ್ನೆ ರಾತ್ರಿ ಮಳೆಗೆ ನಮ್ಮ ಕಾಂಪೌಂಡಿನೊಳಗೆ ಒಂದು ರಾಶಿ ಕಾಂಗ್ರೆಸ್ ಗಿಡ, ಯಾರದೋ ಎಡಗಾಲಿನ ಚಪ್ಪಲಿ ತೇಲಿ ಬಂದಿವೆ. ಊರು ಕೋಲಾರ. ಬೋರ್‌ವೆಲ್ 1000 ಅಡಿ ದಾಟಿದರೂ ಧೂಳು ಬರುವ ಕಡೆ. ಸೈಟು ತೋರಿಸಿದವನು ‘ನೀರಿಗೆ ತೊಂದರೆ ಇಲ್ಲ ಸಾರ್’ ಅಂದಿದ್ದ. ಯಾವ ನೀರು ಅಂತ ಹೇಳಿರಲಿಲ್ಲ, ಪುಣ್ಯಾತ್ಮ.

ನಮ್ಮ ಲೇಔಟಿನಲ್ಲಿ ಮನೆ ಕಡಿಮೆ, ಖಾಲಿ ಸೈಟೇ ಜಾಸ್ತಿ. ಇಷ್ಟು ಮಣ್ಣಿದ್ದರೆ ನೀರು ಇಂಗಬೇಕು ಅಲ್ವಾ? ಇಂಗಲ್ಲ. ಜೆಸಿಬಿ, ಲಾರಿ ಓಡಾಡಿ ನೆಲ ಗಟ್ಟಿಯಾಗಿದೆ. ರಾಗಿ ಹೊಲವಾಗಿದ್ದಾಗ ಬದುಗಳಿದ್ದವು, ಅವನ್ನು ಕಿತ್ತೇ ಲೇಔಟ್ ಮಾಡಿದ್ದು. ಚರಂಡಿಯೇನೋ ಇದೆ. ಆದರೆ ಒಬ್ಬೊಬ್ಬರೂ ಕಾರು ಹತ್ತಿಸಲು ಅದರ ಮೇಲೆ ರ‍್ಯಾಂಪ್ ಹಾಕಿ, ಅಡಿಯಲ್ಲಿ ನಾಲ್ಕಿಂಚಿನ ಪೈಪ್ ತೂರಿಸಿದ್ದಾರೆ. 20 ಮಿ.ಮೀ. ಮಳೆ ಬಂದರೆ 30x40 ಅಡಿಯ ಒಂದೇ ಸೈಟಿನ ಮೇಲೆ ಸುಮಾರು 2,200 ಲೀಟರ್ ನೀರು. ಪೈಪಿಗೆ ಉಸಿರು ಕಟ್ಟುತ್ತದೆ.

ಆಗ ಎದುರು ಮನೆ ರಿಟೈರ್ಡ್ ಮೇಷ್ಟ್ರು ಹೊರಗೆ ಬರುತ್ತಾರೆ. ಪಂಚೆ ಮೇಲಕ್ಕೆ, ತಲೆಗೆ ಗೋಣಿಚೀಲದ ಕೊಪ್ಪೆ, ಕೈಯಲ್ಲಿ ಗುದ್ದಲಿ, ಬಾಯಲ್ಲಿ ಟಾರ್ಚ್. ತಮ್ಮ ಗೇಟಿನ ಮುಂದೆ ಮಣ್ಣಿನ ಕಟ್ಟೆ ಕಟ್ಟುತ್ತಾರೆ. ನೀರು ನಮ್ಮ ಕಡೆ ತಿರುಗುತ್ತದೆ.

‘ಏನ್ ಮೇಷ್ಟ್ರೇ, ನಮ್ಮನೆಗೆ ಬಿಡ್ತಿದ್ದೀರಾ?’

ಟಾರ್ಚ್ ಬಾಯಿಂದ ತೆಗೆದು, ‘ನಾನೆಲ್ಲಪ್ಪಾ ಬಿಟ್ಟೆ? ತಗ್ಗಿದ್ದ ಕಡೆ ನೀರು ಹರಿಯುತ್ತೆ. ಸ್ಕೂಲಲ್ಲಿ ಓದಿಲ್ವಾ?’

‘ಮತ್ತೆ ಗುದ್ದಲಿ?’

‘ದಾರಿ ತೋರಿಸೋದು ಮೇಷ್ಟ್ರ ಕೆಲಸ.’

ಇಷ್ಟಕ್ಕೆ ಮುಗಿಯಲ್ಲ. ಬೆಳಿಗ್ಗೆ ಮರದ ಸ್ಕೇಲು ಹಿಡಿದು ಬಂದು, ನಮ್ಮ ಗೇಟಿನೊಳಗೆ ಅದ್ದಿ, ಕಣ್ಣು ಕಿರಿದು ಮಾಡಿ ಓದುತ್ತಾರೆ. ಆಮೇಲೆ ಹಾಲಿನವನಿಗೆ, ಪೇಪರಿನವನಿಗೆ ವರದಿ: ‘ಇವರಲ್ಲಿ ಏಳಿಂಚು. ಹೋದ ಸಲಕ್ಕಿಂತ ಇಂಪ್ರೂವ್‌ಮೆಂಟ್.’ ನನಗೇ ಮಾರ್ಕ್ಸ್ ಕೊಟ್ಟ ಹಾಗೆ! ಒಂದು ದಿನ ಆ ಸ್ಕೇಲನ್ನು ಒಲೆಗೆ ಹಾಕುತ್ತೇನೆ.

ನಮ್ಮ ತಾತನ ಊರಲ್ಲಿ ನೀರುಗಂಟಿ ಇದ್ದ. ಅವನ ಕೈಯಲ್ಲೂ ಗುದ್ದಲಿಯೇ. ಆದರೆ ಯಾರ ಗದ್ದೆಗೆ ಎಷ್ಟು ನೀರು ಅಂತ ಅವನು ಹೇಳಿದರೆ ಮುಗೀತು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಯವರು ಪೂಜೆಗೆ ಓಡುತ್ತಿದ್ದರು. ಈಗಲೂ, ಬೆಂಗಳೂರಿನವರು ಬಳಸಿ ಬಿಟ್ಟ ನೀರು ಸಂಸ್ಕರಣೆಯಾಗಿ 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿಯಿತು. ನಮ್ಮ ತಲೆ ಮೇಲೇ ಬಿದ್ದ ಮಳೆ ನಾಲ್ಕು ಗೇಟು ದಾಟುವುದಿಲ್ಲ.

ಎಲ್ಲರೂ ಸೇರಿ ಒಂದು ಇಂಗುಗುಂಡಿ ತೋಡೋಣ ಅಂದೆ. ಎಲ್ಲರೂ ಒಪ್ಪಿದರು. ‘ನಿಮ್ಮನೇಲೇ ಆಗಲೇ ರೆಡಿ ಇದೆಯಲ್ಲ’ ಅಂದರು ಮೇಷ್ಟ್ರು.

ಅಷ್ಟರಲ್ಲಿ ಮೇಲಿನ ಟ್ಯಾಂಕ್ ಖಾಲಿ. ಟ್ಯಾಂಕರಿನವನಿಗೆ ಫೋನ್ ಮಾಡಿದೆ.

‘ಬರಕ್ಕಾಗಲ್ಲ ಸಾರ್, ನಿಮ್ಮ ರೋಡ್ ತುಂಬಾ ನೀರು.’