ಭಾವ ತಂದ ಒಂಬತ್ತು ಮೀನುಗಳು

ಎರಡಡಿ ಉದ್ದದ ಗಾಜಿನ ತೊಟ್ಟಿಗೆ ಎಂತಹ ಮೀನು ಹೊಂದುತ್ತದೆ ಎಂಬುದನ್ನು ತೀರ್ಮಾನಿಸಬೇಕಾದುದು ಅದರಲ್ಲಿ ಹಿಡಿಯುವ 55 ಲೀಟರ್ ನೀರೇ ಹೊರತು ಮನೆಗೆ ಬಂದುಹೋಗುವ ನೆಂಟರಲ್ಲ. ಇದನ್ನು ಡೊಂಬಿವಲಿಯ ನಮ್ಮ ಭಾವನವರಿಗೆ ಹೇಳುವ ಧೈರ್ಯ ಮಾತ್ರ ನನಗಿಲ್ಲ. ಅಕ್ಕನ ಗಂಡ, ಮೇಲಾಗಿ ಮೊನ್ನೆ ಭಾನುವಾರ ಕುರ್ಲಾದ ಮೀನು ಬಜಾರಿಗೆ ಹೋಗಿ ಕೈತುಂಬ ಉಡುಗೊರೆಯೊಂದಿಗೆ ಬಂದವರು.

ಅಷ್ಟರಲ್ಲಿ ನನ್ನ ಆಯ್ಕೆ ಮುಗಿದಿತ್ತು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಅನಂತರ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಸಲಿ ಎಂದು ತಿಂಗಳಿಗೂ ಮಿಕ್ಕಿ ತೊಟ್ಟಿಯನ್ನು ಮೀನಿಲ್ಲದೆಯೇ ನಡೆಸಿದ್ದೆ. ಆ ದಿನಗಳಲ್ಲಿ ಮನೆಗೆಲಸದ ಬಾಯಿ ದಿನವೂ ಖಾಲಿ ನೀರನ್ನೂ ನನ್ನ ಮುಖವನ್ನೂ ಮರುಕದಿಂದ ನೋಡಿ ಹೋಗುತ್ತಿದ್ದಳು. ಅಮೆಜಾನ್ ಸೀಮೆಯ ನಿಯಾನ್ ಟೆಟ್ರಾಗಳಿಗೆ ಮೆದು ನೀರು ಬೇಕು, ಮುಂಬಯಿಯ ಕೆರೆಗಳಿಂದ ಬರುವ ನೀರು ಮೆದುವೇ. ಅವು ಗುಂಪಿನಲ್ಲಿ ಮಾತ್ರ ನೆಮ್ಮದಿಯಿಂದ ಇರುತ್ತವೆಯಾದ್ದರಿಂದ ಎಂಟನ್ನು ಒಟ್ಟಿಗೇ ತಂದೆ. ಹೆಂಡತಿ ಮೆಚ್ಚಿದ ಏಂಜಲ್ ಬೆಳೆದ ಮೇಲೆ ಟೆಟ್ರಾಗಳನ್ನೇ ನುಂಗುತ್ತದೆಂದು, ಮಗ ಬಯಸಿದ ಟೈಗರ್ ಬಾರ್ಬ್ ಪರರ ರೆಕ್ಕೆ ಕಚ್ಚುತ್ತದೆಂದು ಬೇಡವೆಂದಿದ್ದೆ.

ಭಾವನವರು ತಂದದ್ದು ಗೋಲ್ಡ್‌ಫಿಶ್: ಎಂಟು ಕೆಂಪು, ಒಂದು ಕಪ್ಪು. ವಾಸ್ತುವಿನ ಲೆಕ್ಕ ಅದಂತೆ. ಗೋಲ್ಡ್‌ಫಿಶ್ ತಣ್ಣೀರಿನ ಮೀನು. ಗೇಣುದ್ದ ಬೆಳೆಯುತ್ತದೆ, ವಿಪರೀತ ಹೊಲಸು ಮಾಡುತ್ತದೆ, ಬಾಯಿಗೆ ಹಿಡಿಯುವ ಟೆಟ್ರಾವನ್ನು ಬಿಡುವುದಿಲ್ಲ. ಇದನ್ನೆಲ್ಲ ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೊಬೈಲಿನಲ್ಲಿ ದಿಕ್ಸೂಚಿ ತೆರೆದು, "ಮೊದಲು ಈಶಾನ್ಯ ಎಲ್ಲಿದೆ ನೋಡೋಣವಪ್ಪಾ" ಎಂದು ಹೊರಟಾಗಿತ್ತು. ಸೋಫಾ ದಾಟಿದರು, ಫ್ರಿಜ್ ಬಳಸಿದರು, ಮುಳ್ಳು ಅಲುಗಿದೊಡನೆ ತಾವೂ ಅಲುಗಿದರು. ಅವರ ಹಿಂದೆ ಮೀನಿನ ಪೊಟ್ಟಣ ಹಿಡಿದ ನಾನು, ನನ್ನ ಹಿಂದೆ ಕಾಫಿ ಲೋಟ ಹಿಡಿದ ಅಕ್ಕ. ಮೆರವಣಿಗೆ ನಿಂತದ್ದು ಬಚ್ಚಲುಮನೆಯ ಬಾಗಿಲಲ್ಲಿ. ಭಾವನವರು ಮೊಬೈಲನ್ನು ಕೊಡವಿ ಇನ್ನೊಮ್ಮೆ ನೋಡಿದರು. ಈಶಾನ್ಯವೆಂದರೆ ಸರಿಯಾಗಿ ಗೀಸರಿನ ಕೆಳಗೆ. ಒಂದೇ ಮಲಗುವ ಕೋಣೆಯ ಮುಂಬಯಿ ಮನೆಯನ್ನು ಕಟ್ಟಿದ ಬಿಲ್ಡರನಿಗೆ ದೇವಮೂಲೆಯ ಭಯವಿದ್ದಂತಿಲ್ಲ. ಬಹಳ ಹೊತ್ತು ಯೋಚಿಸಿದ ಅವರು ಕೇಳಿದ್ದು, ಗೀಸರನ್ನೇ ಬೇರೆಡೆಗೆ ಸರಿಸಲಾಗದೇ ಎಂದು.

ಚಿಕ್ಕಂದಿನಲ್ಲಿ ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಎರಚುತ್ತಿದ್ದಾಗ ಅವುಗಳ ಬಣ್ಣವನ್ನಾಗಲಿ ಸಂಖ್ಯೆಯನ್ನಾಗಲಿ ಯಾರೂ ಕೇಳುತ್ತಿರಲಿಲ್ಲ. ಅಕ್ಕನ ಮುಷ್ಟಿಯ ಮಂಡಕ್ಕಿ ಮುಗಿದರೆ ನನ್ನದರಲ್ಲಿ ಪಾಲು ಕೊಡಬೇಕಾಗುತ್ತಿತ್ತು, ಅಷ್ಟೇ ಅಲ್ಲಿದ್ದ ತಕರಾರು.

ಟೆಟ್ರಾಗಳೊಂದಿಗೆ ಬಿಡುವಂತಿಲ್ಲ, ಭಾವನವರೆದುರು ಹಿಂದಿರುಗಿಸುವಂತೆಯೂ ಇಲ್ಲ. ಕೊನೆಗೆ ದೊಡ್ಡ ಪ್ಲಾಸ್ಟಿಕ್ ಟಬ್ ತರಿಸಿ, ಕ್ಲೋರಿನ್ ನಿವಾರಕ ಹಾಕಿ, ಒಂಬತ್ತನ್ನೂ ಬಚ್ಚಲುಮನೆಯಲ್ಲೇ ಇರಿಸಿದೆ. ಬೇರೆ ಜಾಗವೇ ಇರಲಿಲ್ಲ. ಭಾವನವರಿಗೆ ಆದ ಆನಂದ ಹೇಳತೀರದು. ಶಾಸ್ತ್ರ ಬಲ್ಲ ಮೈದುನನೆಂದು ಬಂಧುಗಳಿಗೆಲ್ಲ ಫೋನು ಮಾಡಿದ್ದಾರೆ. ನಾವು ನಾಲ್ವರೂ ಸೋಪಿನ ನೊರೆ ಟಬ್ಬಿಗೆ ಸಿಡಿಯದಂತೆ ಗೋಡೆಗೆ ಅಂಟಿ ನಿಂತು ಸ್ನಾನ ಮಾಡುತ್ತಿದ್ದೇವೆ.