ಪರ–ವಿರೋಧ: ರಾಜ್ಯೋತ್ಸವಕ್ಕೆ ವಾಹನ ಬಿಟ್ಟು ಬರಬೇಕೆ?

ಪುಣೆಯ ನಮ್ಮ ಕನ್ನಡ ಬಳಗವು ಈ ವರ್ಷದ ರಾಜ್ಯೋತ್ಸವವನ್ನು ಹಸಿರು ಸಂಚಾರದ ದಿನವಾಗಿ ಆಚರಿಸಬೇಕು, ಸದಸ್ಯರು ಸ್ವಂತ ವಾಹನ ಬಿಟ್ಟು ಬಸ್ಸು, ಮೆಟ್ರೋ, ಸೈಕಲ್ಲು ಇಲ್ಲವೇ ಕಾಲ್ನಡಿಗೆಯಲ್ಲಿ ಬರಬೇಕು, ಊಟದ ಕಸ ಆದಷ್ಟು ಕಡಿಮೆಯಾಗಬೇಕು ಎಂಬ ಸಲಹೆ ಸಮಿತಿಯ ಮುಂದಿದೆ. ಈ ಕುರಿತು ಇಬ್ಬರು ಸದಸ್ಯರ ಬರಹಗಳು ಇಲ್ಲಿವೆ.

ಪರ: ಮೊದಲ ಸಲ ಹತ್ತಲು ಜೊತೆ ಬೇಕು
(ಬಳಗದ ಕಾರ್ಯದರ್ಶಿ, ಕೋಥ್ರೂಡ್)

ಸಲಹೆಯ ಪರವಾಗಿ ಬರೆಯುವ ಹೊಣೆ ಕಾರ್ಯದರ್ಶಿಯಾದ ನನಗೆ ಬಂದಿದೆ. ಒಂದು ದಿನ ಸ್ಕೂಟರು ನಿಲ್ಲಿಸಿದ ಮಾತ್ರಕ್ಕೆ ಕರ್ವೆ ರಸ್ತೆಯ ಹೊಗೆ ತಿಳಿಯಾಗುತ್ತದೆಂದು ನಾನು ಹೇಳಲಾರೆ, ಸಮಿತಿಯ ಸಭೆಯಲ್ಲೂ ಹಾಗೆ ಹೇಳಲಿಲ್ಲ. ಆದರೆ ಇರುವ ಸೌಕರ್ಯವನ್ನೇ ನಮ್ಮ ಅನೇಕ ಸದಸ್ಯರು ಒಮ್ಮೆಯೂ ಬಳಸಿ ನೋಡಿಲ್ಲ ಎಂಬುದು ನನಗೆ ಖಚಿತವಾಗಿ ಗೊತ್ತು. ವನಾಜ್‌ನಿಂದ ಗರ್ವಾರೆ ಕಾಲೇಜಿನವರೆಗಿನ ಮೆಟ್ರೋ ಆರಂಭವಾದದ್ದು 2022ರ ಮಾರ್ಚ್‌ನಲ್ಲಿ. ಅದು ರಾಮವಾಡಿ ತಲುಪಿದ್ದು 2024ರ ಮಾರ್ಚ್‌ನಲ್ಲಿ, ಪಿಂಪ್ರಿಯ ಮಾರ್ಗ ಸ್ವಾರ್‌ಗೇಟ್‌ವರೆಗೆ ಬಂದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ನಮ್ಮ ಕಾರ್ಯಕ್ರಮ ನಡೆಯುವ ಸಭಾಂಗಣ ನಳ್ ಸ್ಟಾಪ್ ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರದಲ್ಲಿದೆ. ಪಿಂಪ್ರಿಯವರು ಜಿಲ್ಲಾ ನ್ಯಾಯಾಲಯ ನಿಲ್ದಾಣದಲ್ಲಿ ಗಾಡಿ ಬದಲಿಸಿದರೆ ಸಾಕು. ಆದರೂ ಅವರು ಕಾರಿನಲ್ಲೇ ಬಂದು, ಪಾರ್ಕಿಂಗ್ ಹುಡುಕುತ್ತ ಸಭಾಂಗಣವನ್ನು ಸುತ್ತಿ, ನಾಡಗೀತೆ ಮುಗಿದ ಮೇಲೆ ಒಳಗೆ ಬರುತ್ತಾರೆ.

ಅಭ್ಯಾಸವಿಲ್ಲದವರಿಗೆ ಬಸ್ಸು ಹತ್ತುವುದೇ ಒಂದು ಅಳುಕು. ನಮ್ಮ ಕಟ್ಟಡದಲ್ಲಿ ಕಲಘಟಗಿ ಕಡೆಯ ಅಜ್ಜಿಯೊಬ್ಬರಿದ್ದಾರೆ. ಮಗಳ ಮನೆಗೆ ಬಂದ ಮೇಲೆ, ಅಳಿಯನ ಕಾರು ಬಿಡುವಾಗದ ಹೊರತು ಅವರು ಎಲ್ಲಿಗೂ ಹೋಗುತ್ತಿರಲಿಲ್ಲ. ಕಳೆದ ದಸರೆಯ ಹೊತ್ತಿಗೆ ನಾವು ಕೆಲವು ಹೆಂಗಸರು ಸೇರಿ ಅವರನ್ನು ಬಸ್ಸಿನಲ್ಲಿ ಮಂಡೈ ತರಕಾರಿ ಮಾರುಕಟ್ಟೆಗೆ ಕರೆದುಕೊಂಡು ಹೋದೆವು. ಅಜ್ಜಿಗೆ ಕನ್ನಡ ಓದಲು ಬರುತ್ತದೆ, ದೇವನಾಗರಿ ಬಾರದು. ಅವರು ಸ್ಟಾಪಿನಲ್ಲೇ ಕೈಚೀಲದಿಂದ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ತೆಗೆದರು. ಬಂದ ಬಸ್ಸುಗಳ ಬೋರ್ಡಿನ ಮೇಲಿನ ಅಂಕಿಗಳನ್ನು ಅದರ ಹಿಂಬದಿಯಲ್ಲಿ ನನ್ನಿಂದ ಬರೆಸಿಕೊಂಡು, ಪ್ರತಿಯೊಂದರ ಪಕ್ಕದಲ್ಲಿ ಕನ್ನಡದ ಅಂಕಿಯನ್ನು ತಾವೇ ಬರೆದರು. ಐದರಲ್ಲೂ ಎಂಟರಲ್ಲೂ ಸ್ವಲ್ಪ ತಡವರಿಸಿದರು. ಬಸ್ಸಿನಲ್ಲಿ ಕಂಡಕ್ಟರು ‘ಆಜೀ, ಬಸಾ’ ಎಂದು ಸೀಟು ಬಿಡಿಸಿಕೊಟ್ಟಾಗ ಆತನ ಊರು, ಮನೆ, ಮಕ್ಕಳ ವಿಷಯವನ್ನೆಲ್ಲ ಕನ್ನಡದಲ್ಲೇ ವಿಚಾರಿಸಿದರು. ಆತ ಮರಾಠಿಯಲ್ಲಿ ಉತ್ತರಿಸಿದ. ಈಗ ಆ ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಅವರೊಬ್ಬರೇ ಮಂಡೈಗೆ ಹೋಗುತ್ತಾರೆ, ಸಬ್ಬಸಿಗೆ, ಮೆಂತ್ಯೆ ತರುತ್ತಾರೆ. ಜೊತೆ ಸಿಕ್ಕರೆ ಹೀಗೆ ರೂಢಿಯಾಗುವವರು ಬಳಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಆ ಜೊತೆಯನ್ನು ಒದಗಿಸಲು ರಾಜ್ಯೋತ್ಸವಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಪುಣೆಗೆ ಇದು ಹೊಸದೂ ಅಲ್ಲ. 2012ರಲ್ಲಿ ‘ಸಕಾಳ್’ ಪತ್ರಿಕಾ ಸಮೂಹದ ಮುಂದಾಳತ್ವದಲ್ಲಿ ಇಲ್ಲಿ ಬಸ್ ದಿನ ನಡೆದದ್ದು ನವೆಂಬರ್ 1ರಂದೇ, ಅಂದರೆ ನಮ್ಮ ರಾಜ್ಯೋತ್ಸವದ ದಿನವೇ. ಮಹಾನಗರಪಾಲಿಕೆ 2021ರಿಂದ ಡಿಸೆಂಬರ್ 11ನ್ನು ಪಾದಚಾರಿ ದಿನವೆಂದು ಆಚರಿಸುತ್ತ ಲಕ್ಷ್ಮಿ ರಸ್ತೆಯ ಒಂದು ಭಾಗವನ್ನು ವಾಹನಗಳಿಗೆ ಮುಚ್ಚುತ್ತದೆ. ಆಳಂದಿ, ದೇಹುಗಳ ಪಲ್ಲಕ್ಕಿಗಳು ಪಂಢರಪುರದ ದಾರಿಯಲ್ಲಿ ಇಲ್ಲಿ ತಂಗುವಾಗ ಇಡೀ ನಗರವೇ ನಡೆಯುವವರಿಗೆ ದಾರಿ ಬಿಟ್ಟು ನಿಲ್ಲುತ್ತದೆ. ಊಟದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ 2018ರಿಂದಲೇ ಥರ್ಮೋಕೋಲ್ ತಟ್ಟೆಗಳಿಗೆ ನಿಷೇಧವಿದೆ. ಬಾಳೆ ಎಲೆ, ಸ್ಟೀಲ್ ಲೋಟ ನಮಗೆ ಮೊದಲಿನಿಂದಲೂ ಗೊತ್ತು. ಬಸ್ಸುಗಳು ಸಾಲದು ಎಂಬ ಆಕ್ಷೇಪ ಸಭೆಯಲ್ಲಿ ಬಂತು, ಆದರೆ ನಾನು ಕಂಡಂತೆ ಹಾಗೆ ಹೇಳುವವರು ಬಹುಮಟ್ಟಿಗೆ ಬಸ್ಸು ಹತ್ತಿದವರೇ ಅಲ್ಲ.

ವಿರೋಧ: ಉತ್ಸವ ಬೇಡ, ಬಸ್ಸು ಬೇಕು
(ನಿವೃತ್ತ ಶಿಕ್ಷಕ, ಹಡಪ್ಸರ್)

ನನಗೆ ಕಾರಿಲ್ಲ, ಸ್ಕೂಟರೂ ಇಲ್ಲ, ನಮ್ಮ ಹಡಪ್ಸರಿಗೆ ಮೆಟ್ರೋ ಇನ್ನೂ ಬಂದಿಲ್ಲ. ರಾಜ್ಯೋತ್ಸವಕ್ಕೆ ನಾನು ಪ್ರತಿ ವರ್ಷವೂ ಬಸ್ಸಿನಲ್ಲೇ ಬಂದವನು. ಆದ್ದರಿಂದ ಬಸ್ಸು ಹತ್ತದವರ ಸಾಲಿಗೆ ಕಾರ್ಯದರ್ಶಿಯವರು ನನ್ನನ್ನು ಸೇರಿಸಲಾರರು ಎಂದು ನಂಬಿ, ಬಸ್ಸುಗಳು ಸಾಲದು ಎಂಬ ಮಾತನ್ನು ಲೆಕ್ಕ ಸಹಿತ ಹೇಳುತ್ತೇನೆ.

ದೊಡ್ಡ ನಗರಗಳಲ್ಲಿ ಒಂದು ಲಕ್ಷ ಜನರಿಗೆ 60 ಬಸ್ಸುಗಳಾದರೂ ಇದ್ದರೆ ಅದು ಉತ್ತಮ ಸೇವೆ ಎನ್ನುತ್ತದೆ ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಮಾನದಂಡ. 2011ರ ಜನಗಣತಿಯಲ್ಲೇ ಪುಣೆ, ಪಿಂಪ್ರಿ–ಚಿಂಚವಡ್ ಎರಡೂ ಪಾಲಿಕೆಗಳ ಜನಸಂಖ್ಯೆ ಸೇರಿ 48 ಲಕ್ಷ ದಾಟಿತ್ತು. ಆ ಹಳೆಯ ಲೆಕ್ಕಕ್ಕೇ ಸುಮಾರು 2,900 ಬಸ್ಸುಗಳು ಬೇಕಾಗುತ್ತವೆ. ಎರಡೂ ನಗರಗಳ ಬಸ್ಸು ನಡೆಸುವ ಸಂಸ್ಥೆಯಾದ ಪಿಎಂಪಿಎಂಎಲ್ ಬಳಿ ಸ್ವಂತದ್ದು, ಗುತ್ತಿಗೆಯದ್ದು ಸೇರಿ 2,000ದ ಆಸುಪಾಸು ಇವೆ. ಅವುಗಳಲ್ಲೇ ಹೊರವಲಯದ ಹಳ್ಳಿಗಳಿಗೂ ಸೇವೆ ಸಲ್ಲಬೇಕು. ಈ ಕೊರತೆ ಇರುವಷ್ಟು ದಿನ ಜನ ಸಾಲ ಮಾಡಿಯಾದರೂ ಸ್ಕೂಟರು ಕೊಳ್ಳುತ್ತಾರೆ. ಬೆಳಗಿನ ಎಂಟು ಗಂಟೆಯ ಪಾಳಿಗೆ ಹೋಗಬೇಕಾದ ನರ್ಸಿಗೆ ಪರಿಸರದ ಪಾಠ ಹೇಳಿ ಯಾವ ಪ್ರಯೋಜನವೂ ಇಲ್ಲ. ಆಕೆಯ ಸ್ಟಾಪಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬರಬೇಕು, ಅಷ್ಟೇ.

ಈ ಊರಿನಲ್ಲಿ ಒಳ್ಳೆಯ ಆರಂಭಗಳಿಗೆ ಎಂದೂ ಬರವಿರಲಿಲ್ಲ. ದೇಶದಲ್ಲೇ ಮೊದಲನೆಯದೆನ್ನಲಾದ ಬಿಆರ್‌ಟಿ (ಬಸ್ ರ್‍ಯಾಪಿಡ್ ಟ್ರಾನ್ಸಿಟ್) ಪ್ರಯೋಗ 2006ರ ಡಿಸೆಂಬರ್‌ನಲ್ಲಿ ಇಲ್ಲೇ ಶುರುವಾಯಿತು, ಕಾತ್ರಜ್‌ನಿಂದ ಸ್ವಾರ್‌ಗೇಟ್ ಮಾರ್ಗವಾಗಿ ನಮ್ಮ ಹಡಪ್ಸರಿನವರೆಗೆ. ಬಸ್ಸಿಗೇ ಮೀಸಲಾದ ಪಥವಿದ್ದರೆ ಎಪ್ಪತ್ತು ಮಂದಿಯನ್ನು ಹೊತ್ತ ವಾಹನ ಒಬ್ಬರೇ ಕುಳಿತ ಕಾರಿನ ಹಿಂದೆ ಸಿಕ್ಕಿಕೊಳ್ಳುವುದಿಲ್ಲ ಎಂಬುದು ಅದರ ಸರಳ ತತ್ತ್ವ. ಅದಕ್ಕಿಂತ ಹಸಿರಾದ ಯೋಜನೆ ನನಗೆ ಗೊತ್ತಿಲ್ಲ. ಆದರೆ ಆ ಪಥದೊಳಗೆ ಬೈಕು, ಕಾರುಗಳು ನುಗ್ಗಿದವು, ಹಡಪ್ಸರಿನ ಕಡೆಯ ಪಥ ಕ್ರಮೇಣ ಬಳಕೆ ತಪ್ಪಿತು, ಮುಂದೆ ಅಹಮದ್‌ನಗರದ ಕಡೆ ಹೋಗುವ ‘ನಗರ ರಸ್ತೆ’ಯ ಬಿಆರ್‌ಟಿಯನ್ನು ಕಿತ್ತೇ ಹಾಕಿದರು. 2017ರ ಕೊನೆಯ ಹೊತ್ತಿಗೆ ಬಂದ ಬಾಡಿಗೆ ಸೈಕಲ್ಲುಗಳ ಕಥೆಯೂ ಅದೇ. ಕಂಪನಿಗಳು ಒಂದರ ಹಿಂದೆ ಒಂದು ಬಂದವು, ಹಾಗೆಯೇ ಹಿಂದಿರುಗಿದವು. ಪಥವನ್ನು ತೆಗೆಯುವಾಗ ಬೇಡವೆಂದು ಹೇಳಲು ನಮ್ಮ ಬಳಗಗಳಿಂದ ಒಬ್ಬರಾದರೂ ಹೋಗಿದ್ದರೇ? ನನ್ನ ಸಂಕಟವೆಲ್ಲ ಇದೇ.

ಕಳೆದ ವರ್ಷ ನಮ್ಮ ಕಡೆಯ ನಿವಾಸಿಗಳ ಕೂಟವೊಂದು ಇಂಥದ್ದೇ ಹಸಿರು ಸಂಚಾರ ಜಾಥಾ ನಡೆಸಿತು. ಸೈಕಲ್ಲುಗಳನ್ನು ಕಾರುಗಳ ಹಿಂದೆ ಕಟ್ಟಿಕೊಂಡು ತಂದರು. ಜಾಥಾದ ಹಿಂದೆ ನೀರಿನ ಬಾಟಲಿ ತುಂಬಿದ ಟೆಂಪೋ ಬಂತು. ಹೊಸ ಟೀ ಶರ್ಟು ತೊಟ್ಟ ಮಕ್ಕಳು ಫ್ಲೆಕ್ಸಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ತಂದ ಕಾರುಗಳನ್ನೆಲ್ಲ ಸಾಲಾಗಿ ಬಸ್ ಸ್ಟಾಪಿನ ಮುಂದೆಯೇ ನಿಲ್ಲಿಸಿದ್ದರು. ಬಸ್ಸು ಬಂದಾಗ ಅದಕ್ಕೆ ಬದಿಗೆ ಬರಲು ಜಾಗವಿರಲಿಲ್ಲ, ನಡುರಸ್ತೆಯಲ್ಲೇ ನಿಂತಿತು. ಕೋಲು ಹಿಡಿದ ಮುದುಕಿಯೊಬ್ಬಳು ಎರಡು ಕಾರುಗಳ ನಡುವಿನಿಂದ ಓರೆಯಾಗಿ ನುಸುಳಿ, ಪಕ್ಕದಿಂದ ಬರುತ್ತಿದ್ದ ಬೈಕುಗಳಿಗೆ ಕೈ ಅಡ್ಡ ಹಿಡಿದು, ಆ ಎತ್ತರದ ಮೆಟ್ಟಿಲಿಗೆ ಕಾಲಿಟ್ಟಳು. ಕೋಲನ್ನು ನಾನು ಕೊಟ್ಟೆ. ಅದೇ ಹೊತ್ತಿಗೆ ಮೈಕಿನಲ್ಲಿ ಸಾರ್ವಜನಿಕ ಸಾರಿಗೆಯ ಮಹತ್ವದ ಕುರಿತು ಭಾಷಣ ನಡೆದಿತ್ತು. ನಮ್ಮ ರಾಜ್ಯೋತ್ಸವವೂ ಹೀಗೆಯೇ ಆಗುತ್ತದೆ.

ಬೆಂಗಳೂರನ್ನಾದರೂ ನೋಡಬಹುದು. ಅಲ್ಲಿ ಬಿಎಂಟಿಸಿ 2010ರ ಫೆಬ್ರವರಿಯಿಂದ ಪ್ರತಿ ತಿಂಗಳ 4ನೇ ತಾರೀಖನ್ನು ಬಸ್ ದಿನವೆಂದು ಆಚರಿಸಿತು. ಇಂದು ಅದರ ನೆನಪು ಎಷ್ಟು ಜನಕ್ಕಿದೆ? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾದಾಗ ರಾಜ್ಯದ ಬಸ್ಸುಗಳು ತಾವಾಗಿಯೇ ತುಂಬಿದವು, ಯಾವ ಜಾಥಾವೂ ಬೇಕಾಗಲಿಲ್ಲ. 2012ರ ಪುಣೆಯ ಬಸ್ ದಿನಕ್ಕೆ ಸೇರಿಸಿದ ಹೆಚ್ಚುವರಿ ಬಸ್ಸುಗಳೂ ಆ ಒಂದು ದಿನದ ಮಟ್ಟಿಗಷ್ಟೇ ಇದ್ದವು. ಇನ್ನು ಕಲಘಟಗಿಯ ಅಜ್ಜಿಯ ವಿಷಯ: ಅವರನ್ನು ಬಸ್ಸು ಹತ್ತಿಸಲು ಮಗಳೊಬ್ಬಳು ಸಾಕಾಗಿತ್ತು, ಅದಕ್ಕೆ ಬಳಗದ ನಿರ್ಣಯ ಬೇಕಿರಲಿಲ್ಲ.

ಉತ್ಸವಕ್ಕೆ ಹಾಕುವ ದುಡಿಮೆಯನ್ನು ಬಳಗ ಬೇರೆ ಕಡೆ ಹಾಕಲಿ. ಪುಣೆ ಮಹಾನಗರಪಾಲಿಕೆಯಲ್ಲಿ 2006–07ರಿಂದ ಸಹಭಾಗಿ ಬಜೆಟ್ ಎಂಬ ಪದ್ಧತಿಯಿದೆ. ತಮ್ಮ ವಾರ್ಡಿನಲ್ಲಿ ಆಗಬೇಕಾದ ಸಣ್ಣ ಕೆಲಸಗಳನ್ನು ನಾಗರಿಕರೇ ಅರ್ಜಿ ಬರೆದು ಸೂಚಿಸಬಹುದು. ಮುರಿದ ಫುಟ್‌ಪಾತು, ನೆರಳಿಲ್ಲದ ಬಸ್ ಸ್ಟಾಪು, ಕುಳಿತುಕೊಳ್ಳಲು ಬೆಂಚು, ಇವೆಲ್ಲ ಅದರಲ್ಲಿ ಬರೆಯಲು ತಕ್ಕ ಕೆಲಸಗಳು. ಪ್ರತಿ ಬಡಾವಣೆಯ ಸದಸ್ಯರು ತಮ್ಮ ಸ್ಟಾಪಿನ ಫೋಟೋ ತೆಗೆದು, ಮರಾಠಿ ಬಲ್ಲವರಿಂದ ಅರ್ಜಿ ಬರೆಸಿ, ವಾರ್ಡ್ ಕಚೇರಿಗೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರಲಿ. ಹಡಪ್ಸರಿನ ಅರ್ಜಿಗಳನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ. ಮಳೆಗಾಲ ಮುಗಿಯುವುದರೊಳಗೆ ಈ ಕೆಲಸ ಶುರುವಾಗಬೇಕು, ಬಜೆಟ್ಟಿನ ಪಟ್ಟಿ ಸಿದ್ಧವಾದ ಮೇಲೆ ಕೊಟ್ಟ ಅರ್ಜಿ ಮತ್ತೆ ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ.