ಎಲ್ಲ ವಸ್ತುವಿಗೂ ಒಂದೇ ಮಾತು ಹೊಂದುವುದಿಲ್ಲ

ಯಾವ ವಸ್ತುವೇ ಆಗಲಿ, ಬಿಸಿಯಾದಷ್ಟೂ ವಿದ್ಯುತ್ ರೋಧ (ಕರೆಂಟ್ ಹರಿಯಲು ಅದು ಒಡ್ಡುವ ತಡೆ) ಹೆಚ್ಚುತ್ತದೆ ಅಂತ ನಿಮ್ಮ ಲೇಖನದಲ್ಲಿದೆ. ಶುದ್ಧ ಲೋಹಗಳಿಗೆ ಇದು ಸರಿ. ಎಲ್ಲದಕ್ಕೂ ಅಲ್ಲ.

ನಾನು ಕಲಬುರಗಿಯಲ್ಲಿ ಮೋಟಾರ್ ವೈಂಡಿಂಗ್, ಅಂದರೆ ಮೋಟಾರಿನೊಳಗೆ ತಾಮ್ರದ ತಂತಿಯ ಸುರುಳಿ ಸುತ್ತುವ ಕೆಲಸ, ಮಾಡುತ್ತೇನೆ. ತೊಗರಿ ಸೀಸನ್ ಬಂತೆಂದರೆ ದಾಲ್ ಮಿಲ್ ಮೋಟಾರುಗಳೇ ಜಾಸ್ತಿ. ಮೊನ್ನೆ ಒಂದನ್ನು ಬೆಳಿಗ್ಗೆ ಅಳೆದೆ. ತಣ್ಣಗಿದ್ದ ಸುರುಳಿ, 30 ಡಿಗ್ರಿ, 10 ಓಮ್. ಎರಡು ಗಂಟೆ ಓಡಿಸಿ, ನಿಲ್ಲಿಸಿದ ಕೂಡಲೇ ಮತ್ತೆ ಮೀಟರ್ ಹಿಡಿದರೆ 12 ಓಮ್. ತಾಮ್ರದ ರೋಧ ಒಂದು ಡಿಗ್ರಿಗೆ ಹೆಚ್ಚುಕಡಿಮೆ ಶೇ 0.4 ಏರುತ್ತದೆ. ಲೆಕ್ಕ ಹಾಕಿದರೆ ಒಳಗಿನ ತಂತಿ 80 ಡಿಗ್ರಿ ದಾಟಿತ್ತು. ಮೋಟಾರಿನ ಮೈ ಮುಟ್ಟಿದರೆ ಅಷ್ಟು ಗೊತ್ತಾಗುವುದಿಲ್ಲ. ಹೊರಗೆ 42 ಡಿಗ್ರಿ ಬಿಸಿಲಿರುವ ಮೇ ತಿಂಗಳಲ್ಲಿ ಇನ್ನೂ ಕಷ್ಟ, ಸುರುಳಿಗೆ ಬಳಿದ ವಾರ್ನಿಷ್ ಸುಟ್ಟ ವಾಸನೆ ಬರುವವರೆಗೂ ತಿಳಿಯುವುದಿಲ್ಲ.

ಆದರೆ ಅರೆವಾಹಕ (ಸೆಮಿಕಂಡಕ್ಟರ್) ತಿರುವುಮುರುವು, ಬಿಸಿಯಾದರೆ ಅದರ ರೋಧ ಇಳಿಯುತ್ತದೆ. ಬಿಸಿ ಅಳೆಯಲು ಬಳಸುವ, ಅರೆವಾಹಕದಿಂದ ಮಾಡಿದ ಎನ್‌ಟಿಸಿ ಥರ್ಮಿಸ್ಟರ್ ಎಂಬ ಬಿಡಿಭಾಗ 25 ಡಿಗ್ರಿಯಲ್ಲಿ 10 ಕಿಲೋಓಮ್ ಇದ್ದರೆ, 45 ಡಿಗ್ರಿಗೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಬಿಸಿಗೆ ಅದರೊಳಗೆ ಹರಿಯಬಲ್ಲ ಎಲೆಕ್ಟ್ರಾನುಗಳೇ ಹೆಚ್ಚಾಗುತ್ತವೆ. ತಾಮ್ರದಲ್ಲಿ ಅವು ಮೊದಲೇ ಸಾಕಷ್ಟಿವೆ, ಪರಮಾಣುಗಳ ನಡುಕ ದಾರಿಗೆ ಅಡ್ಡ ಬರುತ್ತದೆ ಅಷ್ಟೇ. ಮ್ಯಾಂಗನಿನ್ ಮಿಶ್ರಲೋಹವಂತೂ ಹೆಚ್ಚು ಬದಲಾಗುವುದೇ ಇಲ್ಲ, ಅದಕ್ಕೇ ಅಳತೆಯ ಉಪಕರಣಗಳಲ್ಲಿ ಹಾಕುತ್ತಾರೆ.

ಐಟಿಐ ಹುಡುಗರೂ ನಿಮ್ಮ ಲೇಖನ ಓದುತ್ತಾರೆ. ದಯವಿಟ್ಟು ಆ ಸಾಲು ತಿದ್ದಿ.